ಎತ್ತಿನ ನಡಿಗೆಗೆ ಎಷ್ಟು ಚಿತ್ರ?

ಆನಿಮೇಶನ್ ಕಲಿಯಲು ಹೊರಟವರಿಗೆ ಮೊದಲ ತರಗತಿಯಲ್ಲಿಯೇ ಹೇಳಿಕೊಡುವ ಲೆಕ್ಕವೊಂದಿದೆ: ತೆರೆಯ ಮೇಲೆ ಒಂದು ಸೆಕೆಂಡು ಕಳೆಯುವಷ್ಟರಲ್ಲಿ 24 ಚೌಕಟ್ಟುಗಳು, ಅಂದರೆ ಫ್ರೇಮುಗಳು, ಹಾದುಹೋಗುತ್ತವೆ, ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮುಗಳ ಕಾಲ ನಿಲ್ಲಿಸಿ ದುಡಿಮೆಯನ್ನು ಅರ್ಧಕ್ಕಿಳಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕೇ ಬೇಕು. ಲೆಕ್ಕ ಸುಲಭವಾದದ್ದು, ಆ 12 ಚಿತ್ರಗಳಲ್ಲಿ ಯಾವುದು ಎಲ್ಲಿ ಬರಬೇಕು ಎಂಬುದೇ ವಿದ್ಯೆ. ಚಲನೆಯ ತುದಿಗಳಲ್ಲಿ ಬರುವ ಮುಖ್ಯ ಭಂಗಿಗಳನ್ನು ಕೀ ಎಂದೂ, ಒಂದು ಕೀಯಿಂದ ಇನ್ನೊಂದಕ್ಕೆ ದಾಟಿಸುವ ಚಿತ್ರಗಳನ್ನು ಇನ್‌ಬಿಟ್ವೀನ್ ಎಂದೂ ಕಸುಬಿನಲ್ಲಿ ಕರೆಯುತ್ತಾರೆ. ಕೈಯಿಂದ ಬರೆಯುವ ಸ್ಟುಡಿಯೋಗಳಲ್ಲಿ ಕೀ ಬರೆಯುವವರು ಹಿರಿಯರು, ನಡುವಿನವನ್ನು ತುಂಬುವವರು ಕಿರಿಯರು ಎಂಬ ಪದ್ಧತಿಯಿದ್ದುದರಿಂದ, ಈ ಕಸುಬಿನ ಉಮೇದುವಾರಿ ಬಹುಪಾಲು ನಡೆದದ್ದು ಹೆಸರಿಲ್ಲದ ಈ ನಡುವಿನ ಚಿತ್ರಗಳಲ್ಲಿಯೇ.

ಹತ್ತಿ ಮಾರುಕಟ್ಟೆಗೂ ಕಿತ್ತೂರು ಚನ್ನಮ್ಮನ ಸಮಾಧಿಗೂ ಹೆಸರಾದ ಬೈಲಹೊಂಗಲದಿಂದ, ಅದರ ಸುತ್ತಲಿನ ಕಿತ್ತೂರು, ಸವದತ್ತಿ, ರಾಮದುರ್ಗಗಳಿಂದ ಈ ವಿದ್ಯೆಯನ್ನು ಅರಸಿ ಹೋಗುವವರು ಸಾಮಾನ್ಯವಾಗಿ ಬೆಳಗಾವಿಯ ಅಥವಾ ಹುಬ್ಬಳ್ಳಿ-ಧಾರವಾಡದ ಬಸ್ಸು ಹಿಡಿಯುತ್ತಾರೆ. ಅಲ್ಲಿಂದ ಮುಂದೆ ರಾತ್ರಿ ಬಸ್ಸು ಬೆಂಗಳೂರಿಗೆ. ಈ ಪ್ರಬಂಧದ ಲೇಖಕನೂ ಅಂಥವರಲ್ಲಿ ಒಬ್ಬನಾದ್ದರಿಂದ, ಮುಂದೆ ‘ವಿದ್ಯಾರ್ಥಿ’ ಎಂದು ಬಂದಲ್ಲೆಲ್ಲ ಅವನೇ ಎಂದು ಓದಿಕೊಂಡರೆ ತಪ್ಪಾಗದು. ಎಂಜಿನಿಯರಿಂಗ್, ನರ್ಸಿಂಗ್, ಡಿ.ಎಡ್. ಎಂಬ ಹೆಸರುಗಳು ಚೆನ್ನಾಗಿ ಪರಿಚಯವಿರುವ ಊರಿನಲ್ಲಿ ಆನಿಮೇಶನ್ ಎಂದರೇನೆಂದು ವಿವರಿಸುವುದು ಪ್ರವೇಶ ಪರೀಕ್ಷೆಗಿಂತ ಕಠಿಣವಾದ ಕೆಲಸ. ‘ಕಾರ್ಟೂನ್ ಮಾಡೂದು’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ, ಅದಕ್ಕೆ ಕಾಲೇಜು ಯಾಕೆ ಬೇಕು, ಅದಕ್ಕೆ ಫೀ ಯಾಕೆ ಇಷ್ಟು ಎಂಬ ಪ್ರಶ್ನೆಗಳು ಬೆನ್ನಿಗೇ ಬರುತ್ತವೆ, ಮತ್ತು ಎರಡನೆಯ ಪ್ರಶ್ನೆಗೆ ಇಂದಿಗೂ ಸಮರ್ಪಕ ಉತ್ತರ ದೊರೆತಿಲ್ಲ.

ಕಾಲೇಜು ಬೇಕೇ ಎಂಬ ಪ್ರಶ್ನೆಗೆ ಮಾತ್ರ ಚರಿತ್ರೆಯಲ್ಲಿ ಎರಡೂ ಬಗೆಯ ಉತ್ತರಗಳಿವೆ. 1915ರಲ್ಲಿ ದಾದಾಸಾಹೇಬ್ ಫಾಲ್ಕೆ ಬೆಂಕಿಕಡ್ಡಿಗಳನ್ನು ಒಂದಿಷ್ಟಿಷ್ಟೇ ಸರಿಸಿ, ಸರಿಸಿದಂತೆಲ್ಲ ಒಂದೊಂದು ಫ್ರೇಮು ಚಿತ್ರಿಸಿ ‘ಅಗಕಾಡ್ಯಾಂಚಿ ಮೌಜ್’ ಎಂಬ ಕಿರುಚಿತ್ರ ಮಾಡಿದಾಗ ಅವರಿಗೆ ಹೇಳಿಕೊಡುವವರು ದೇಶದಲ್ಲಿ ಯಾರೂ ಇರಲಿಲ್ಲ. ಕ್ರಮಬದ್ಧವಾದ ತರಬೇತಿ ದೊರೆತದ್ದು ನಾಲ್ಕು ದಶಕಗಳ ಅನಂತರ, 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಜನ್ ತನ್ನ ಕಾರ್ಟೂನ್ ಘಟಕವನ್ನು ತೆರೆದಾಗ. ಮಿಷನರಿ ದಂಪತಿಗಳ ಮಗನಾಗಿ ಭಾರತದಲ್ಲಿಯೇ ಹುಟ್ಟಿದವನೂ ಡಿಸ್ನಿ ಸ್ಟುಡಿಯೋದಲ್ಲಿ ದುಡಿದು ಬಂದವನೂ ಆದ ಕ್ಲೇರ್ ವೀಕ್ಸ್ ಎಂಬ ಕಲಾವಿದ ಅಮೆರಿಕದ ತಾಂತ್ರಿಕ ನೆರವಿನ ಯೋಜನೆಯಡಿ ಬಂದು ಆ ಘಟಕದ ತರುಣರನ್ನು ಪಳಗಿಸಿದ. ಜಾತಕ ಕಥೆಯನ್ನು ಆಧರಿಸಿದ ‘ದಿ ಬನಿಯನ್ ಡೀರ್’ 1957ರಲ್ಲಿ ಆ ತರಬೇತಿಯ ಫಲವಾಗಿ ಹೊರಬಂದಿತು. ಮುಂದೆ ಭಾರತೀಯ ಆನಿಮೇಶನ್ನಿನ ಹಿರಿಯರೆನಿಸಿದ ರಾಮ್ ಮೋಹನ್ ಕಲಿತದ್ದು ಅಲ್ಲಿಯೇ, ಮತ್ತು ಅವರು ಓದಿ ಬಂದದ್ದು ಚಿತ್ರಕಲೆಯನ್ನಲ್ಲ, ರಸಾಯನಶಾಸ್ತ್ರವನ್ನು. ಬೈಲಹೊಂಗಲದ ಮಟ್ಟಿಗೆ ಆ ವರ್ಷಕ್ಕೆ ಇನ್ನೊಂದು ಅರ್ಥವೂ ಉಂಟು: 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿತು. ಮುಂಬಯಿ ಈ ವಿದ್ಯೆಯನ್ನು ಕಲಿಯತೊಡಗಿದ ವರ್ಷದಲ್ಲಿಯೇ ಬೈಲಹೊಂಗಲ ಮುಂಬಯಿಯ ಕೈಬಿಟ್ಟದ್ದು ನಾಡಿಗೆ ಲಾಭ, ಕಾರ್ಟೂನು ಕಲಿಯುವವನಿಗೆ ಬಹುಶಃ ಅಲ್ಲ.

ಪಠ್ಯಕ್ರಮದ ಮೊದಲ ಅಧ್ಯಾಯದಲ್ಲಿ ತೊಗಲುಗೊಂಬೆಯನ್ನು ಆನಿಮೇಶನ್ನಿನ ಪೂರ್ವಜನೆಂದು ಕೂರಿಸುವುದು ವಾಡಿಕೆಯಾಗಿದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದ ಮೇಲಂತೂ ಈ ವಂಶಾವಳಿಯನ್ನು ಹೆಚ್ಚು ಅಭಿಮಾನದಿಂದ ಹೇಳಲಾಗುತ್ತಿದೆ. ಅಭಿಮಾನ ಯೋಗ್ಯವಾದದ್ದೇ, ವಂಶಾವಳಿ ಮಾತ್ರ ಅನುಮಾನದ್ದು. ಪರದೆಯ ಹಿಂದಿನ ಗೊಂಬೆ ಆಡಿಸುವವರ ಕೈಯಲ್ಲಿ ಎಡೆಬಿಡದೆ ಚಲಿಸುತ್ತದೆ, ಅದಕ್ಕೆ ನಡುವಿನ ಚಿತ್ರಗಳ ಗೊಡವೆಯೇ ಇಲ್ಲ. ಆನಿಮೇಶನ್ನಿನಲ್ಲಿಯಾದರೋ ಚಲನೆ ಎಂಬುದು ಎಲ್ಲಿಯೂ ನಡೆದಿರುವುದೇ ಇಲ್ಲ, ನಿಂತ ಚಿತ್ರಗಳನ್ನು ನೋಡಿದವರು ಅದನ್ನು ಕಟ್ಟಿಕೊಳ್ಳುತ್ತಾರೆ. ಜರ್ಮನಿಯ ಲೋಟೆ ರೈನಿಗರ್ 1926ರ ‘ಪ್ರಿನ್ಸ್ ಅಹಮದ್’ ಚಿತ್ರದಲ್ಲಿ ಕತ್ತರಿಸಿದ ನೆರಳುಗೊಂಬೆಗಳನ್ನು ಫ್ರೇಮು ಫ್ರೇಮಾಗಿ ಸರಿಸಿದಾಗ ಎರಡು ಕಲೆಗಳಿಗೆ ನಂಟು ಬೆಳೆಯಿತು ಎನ್ನಬಹುದು. ಅದು ಮದುವೆಯ ನಂಟೇ ಹೊರತು ರಕ್ತಸಂಬಂಧವಲ್ಲ.

ತರಗತಿಯ ಪಾಠದ ಬೆನ್ನೆಲುಬು ಹನ್ನೆರಡು ತತ್ತ್ವಗಳು. ಡಿಸ್ನಿಯ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ತಮ್ಮ ‘ದಿ ಇಲ್ಯೂಷನ್ ಆಫ್ ಲೈಫ್’ ಎಂಬ ಗ್ರಂಥದಲ್ಲಿ ಇವನ್ನು ವಿವರಿಸಿದಂದಿನಿಂದ ಲೋಕದ ಎಲ್ಲ ಆನಿಮೇಶನ್ ಶಾಲೆಗಳಲ್ಲಿಯೂ ಇವೇ ಮಗ್ಗಿ. ಮೊದಲು ಪುಟಿಯುವ ಚೆಂಡು, ಅನಂತರ ಅರ್ಧ ತುಂಬಿದ ಹಿಟ್ಟಿನ ಚೀಲ: ಕೈಕಾಲು, ಕಣ್ಣು, ಬಾಯಿ ಯಾವುದೂ ಇಲ್ಲದ ಆ ಚೀಲದಲ್ಲಿ ಭಾರವನ್ನೂ ಭಾವವನ್ನೂ ತೋರಿಸಬೇಕೆಂಬುದು ಡಿಸ್ನಿಯ ಕಾಲದಿಂದ ಬಂದ ಅಭ್ಯಾಸ. ಈ ಪಾಠದಲ್ಲಿ ಬೈಲಹೊಂಗಲದವನಿಗೆ ಒಂದು ಅನುಕೂಲವಿತ್ತು. ಮಾರುಕಟ್ಟೆಯಲ್ಲಿ ಹಮಾಲರು ಜೋಳದ ಚೀಲವನ್ನು ಬೆನ್ನಿಗೆ ಏರಿಸಿಕೊಳ್ಳುವ ಬಗೆ ಬೇರೆ, ಹತ್ತಿಯ ಅಂಡಿಗೆಯನ್ನು ಉರುಳಿಸುವ ಬಗೆ ಬೇರೆ. ಅಂಡಿಗೆ ಗಾತ್ರದಲ್ಲಿ ಚೀಲದ ಹಲವು ಪಟ್ಟು ಇದ್ದರೂ ನೆಲಕ್ಕೆ ಬಿದ್ದಾಗ ಮೆಲ್ಲನೆ ಕುಸಿದು ಕೂರುತ್ತದೆ. ಜೋಳದ ಚೀಲ ಬಿದ್ದ ಕ್ಷಣದಲ್ಲಿಯೇ ನಿಂತುಬಿಡುತ್ತದೆ, ಒಳಗಿನ ಕಾಳು ಮಾತ್ರ ಇನ್ನೊಂದು ಗಳಿಗೆ ಜರುಗುತ್ತಿರುತ್ತದೆ. ದೇಹ ನಿಂತ ಮೇಲೂ ಅದರ ಸಡಿಲ ಭಾಗಗಳು ತಡವಾಗಿ ನಿಲ್ಲುವ ಈ ಗುಣಕ್ಕೆ ಫಾಲೋ ಥ್ರೂ ಎಂದು ಹೆಸರಿದೆಯೆಂದು ತಿಳಿಯುವುದಕ್ಕೆ ಮೊದಲೇ ಅದನ್ನು ಅವನು ಸಾಕಷ್ಟು ನೋಡಿಯಾಗಿತ್ತು.

ತರಗತಿ ತತ್ತ್ವ ಹೇಳುತ್ತದೆ; ಯಾವ ಗುಂಡಿ ಒತ್ತಬೇಕೆಂದು ಹೇಳುವುದು ಮೊಬೈಲಿನ ಟ್ಯುಟೋರಿಯಲ್. ಟನ್ ರೋಸೆಂಡಾಲ್ ರೂಪಿಸಿದ ಬ್ಲೆಂಡರ್ ಎಂಬ ತಂತ್ರಾಂಶ 2002ರಲ್ಲಿ ಮುಕ್ತ ತಂತ್ರಾಂಶವಾದದ್ದು ಸಣ್ಣ ಊರಿನ ವಿದ್ಯಾರ್ಥಿಗಳಿಗೆ ಆದ ದೊಡ್ಡ ಉಪಕಾರ. ಲಾಟ್ವಿಯಾದ ನಿರ್ದೇಶಕನೊಬ್ಬ ಅದರಲ್ಲಿಯೇ ಮಾಡಿದ, ಮಾತೇ ಇಲ್ಲದ ‘ಫ್ಲೋ’ 2025ರಲ್ಲಿ ಆಸ್ಕರ್ ಪಡೆದ ಮೇಲೆ ಪುಕ್ಕಟೆಯ ತಂತ್ರಾಂಶವೆಂಬ ತಾತ್ಸಾರವೂ ಹೋಯಿತು. ಆದರೆ ಟ್ಯುಟೋರಿಯಲ್ಲುಗಳಿಗೆ ವಯಸ್ಸಾಗುತ್ತದೆ. 2019ರಲ್ಲಿ ಬಂದ 2.80ನೆಯ ಆವೃತ್ತಿಯವರೆಗೆ ಬ್ಲೆಂಡರಿನಲ್ಲಿ ವಸ್ತುವನ್ನು ಆರಿಸಲು ಮೌಸಿನ ಬಲಗುಂಡಿ ಒತ್ತಬೇಕಿತ್ತು, ಅಲ್ಲಿಂದ ಮುಂದೆ ಎಡಗುಂಡಿ. ಹಳೆಯ ಪಾಠವನ್ನು ಹೊಸ ಆವೃತ್ತಿಯ ಮುಂದೆ ಹಾಕಿಕೊಂಡು ಕೂತವನು ಗುರುವನ್ನೂ ಯಂತ್ರವನ್ನೂ ಒಟ್ಟಿಗೆ ಶಪಿಸುತ್ತಾನೆ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದು: ಎರಡು ಕೀಗಳನ್ನು ಕೊಟ್ಟರೆ ನಡುವಿನದನ್ನೆಲ್ಲ ಯಂತ್ರವೇ ತುಂಬಿಕೊಡುತ್ತದೆ. ಹಿಂದಿನವರು ವರ್ಷಗಟ್ಟಲೆ ಬರೆದು ಕಲಿತದ್ದನ್ನು ಇಂದಿನವನು ಬರೆಯದೆಯೇ ಪಡೆಯುತ್ತಾನೆ, ಪಡೆದದ್ದು ಸರಿಯೇ ತಪ್ಪೇ ಎಂದು ತಿಳಿಯುವ ಕಣ್ಣನ್ನು ಮಾತ್ರ ಯಂತ್ರ ಕೊಡುವುದಿಲ್ಲ.

ಆ ಕಣ್ಣು ಎಲ್ಲಿಂದ ಬರುತ್ತದೆಂಬುದಕ್ಕೆ ಎತ್ತಿನ ನಡಿಗೆಯನ್ನು ನೋಡಬಹುದು. ಮನುಷ್ಯನ ಒಂದು ಹೆಜ್ಜೆಗೆ 12 ಫ್ರೇಮು ಎಂದು ಪಠ್ಯ ಹೇಳುತ್ತದೆ; ಚತುಷ್ಪಾದಿಗಳ ವಿಷಯ ಬಂದಾಗ ಎಲ್ಲ ಪಾಠಗಳೂ ಕುದುರೆಯ ಕಡೆಗೆ ತಿರುಗುತ್ತವೆ, ಏಕೆಂದರೆ 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಇರಿಸಿದ ಕ್ಯಾಮೆರಾಗಳಿಂದ ಸೆರೆಹಿಡಿದದ್ದು ಓಡುವ ಕುದುರೆಯನ್ನು. ಪದವಿಯ ಕೊನೆಯ ಪ್ರಾಜೆಕ್ಟಿಗೆ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಯನ್ನು ಆರಿಸಿಕೊಂಡ ವಿದ್ಯಾರ್ಥಿಗೆ ಕುದುರೆ ಉಪಯೋಗಕ್ಕೆ ಬರಲಿಲ್ಲ. ಭಾರತ ಹುಣ್ಣಿಮೆಯ ಮುಂಚಿನ ದಿನಗಳಲ್ಲಿ ಸವದತ್ತಿಯ ಹಾದಿಯ ಬದಿಗೆ ನಿಂತು ಮೊಬೈಲಿನಲ್ಲಿ ಹಿಡಿದ ದೃಶ್ಯಗಳನ್ನು ಫ್ರೇಮು ಫ್ರೇಮಾಗಿ ಬಿಡಿಸಬೇಕಾಯಿತು. ಎಡಗಡೆಯ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಎಂಬ ಕ್ರಮದಲ್ಲಿ ಎತ್ತು ಕಾಲು ಎತ್ತುತ್ತದೆ. ಮುಂಗಾಲು ಬಿಟ್ಟ ಗುರುತಿನ ಹತ್ತಿರಕ್ಕೇ ಹಿಂಗಾಲು ಬಂದು ಊರುತ್ತದೆ. ಗಂಗೆದೊಗಲು ಕಾಲಿಗಿಂತ ತಡವಾಗಿ ತೂಗುತ್ತದೆ, ಕೊರಳ ಗೆಜ್ಜೆ ಅದಕ್ಕಿಂತಲೂ ತಡವಾಗಿ. ಒಂದು ಪೂರ್ಣ ಸುತ್ತಿಗೆ 32 ಫ್ರೇಮು ಇಟ್ಟು ಇದನ್ನೆಲ್ಲ ಹೊಂದಿಸಿ, ಮನೆಗೆ ಬಂದಾಗ ಹೊಲದ ನೆರೆಯ ಕಾಕಾನಿಗೆ ತೋರಿಸಲಾಯಿತು. ಅವರು ಕಾಲುಗಳನ್ನು ನೋಡಲೇ ಇಲ್ಲ. “ನೊಗಾ ಹೊತ್ತ ಎತ್ತಿನ ಕುತಗಿ ಹಿಂಗ ಎದ್ದಿರತೈತೇನೋ ತಮ್ಮಾ? ಗಾಡಿ ಖಾಲಿ ಇರಬೇಕ ನೋಡ” ಎಂದರು. ಎಳೆಯುವ ಎತ್ತು ಕುತ್ತಿಗೆಯನ್ನು ತಗ್ಗಿಸಿ ಮೈಯ ಭಾರವನ್ನೆಲ್ಲ ನೊಗಕ್ಕೆ ಒಡ್ಡುತ್ತದೆ, ಮುಂಗಾಲು ಊರಿದ ಮೇಲೆ ಒಂದು ಗಳಿಗೆ ತಡೆದೇ ಮುಂದೆ ಸರಿಯುತ್ತದೆ. ಆ ತಡೆಯನ್ನು ಸೇರಿಸಿದಾಗ ಸುತ್ತು 40 ಫ್ರೇಮಿಗೆ ಬೆಳೆಯಿತು, ಮತ್ತು ಹೆಚ್ಚಿದ 8 ಫ್ರೇಮುಗಳಲ್ಲಿ ಒಂದೂ ಕೀ ಆಗಿರಲಿಲ್ಲ.

ಕೆಲಸದ ಅನುಭವವೆಂದರೆ ಸ್ಟುಡಿಯೋ ಎಂದೇ ಎಲ್ಲರ ಎಣಿಕೆ. ಈ ಭಾಗದಲ್ಲಿ ಅದು ಶುರುವಾಗುವುದು ಫ್ಲೆಕ್ಸ್ ಅಂಗಡಿಯಲ್ಲಿ. ಮದುವೆಯ, ಗೃಹಪ್ರವೇಶದ ವಾಟ್ಸಾಪ್ ಆಮಂತ್ರಣಗಳು, ಜಾತ್ರೆಯ ಎಲ್‌ಇಡಿ ಪರದೆಗೆ ಬೇಕಾದ ಶೀರ್ಷಿಕೆಗಳು ಅಲ್ಲಿಯ ಕೆಲಸ. ಪ್ರತಿವರ್ಷ ಅಕ್ಟೋಬರ್ 23ರ ಸುಮಾರಿಗೆ, 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದ ದಿನದ ನೆನಪಿಗೆ, ನಡೆಯುವ ಕಿತ್ತೂರು ಉತ್ಸವದ ಕಾಲದಲ್ಲಿ ಶುಭಾಶಯದ ವಿಡಿಯೋಗಳಿಗೆ ಬೇಡಿಕೆ ಹೆಚ್ಚು. ಅಕ್ಷರಗಳು ಒಂದೊಂದಾಗಿ ಹಾರಿ ಬಂದು ಕೂರಬೇಕೆಂದು ಗಿರಾಕಿ ಕೇಳುತ್ತಾನೆ. ತಂತ್ರಾಂಶದಲ್ಲಿ ಅದಕ್ಕೆ ಸಿದ್ಧ ಸೌಕರ್ಯವೂ ಇದೆ. ಅದು ಇಂಗ್ಲಿಷಿಗೆ ಮಾಡಿದ್ದು. ಅಂಗಡಿಯ ಹಳೆಯ ನುಡಿ ಫಾಂಟಿನಲ್ಲಿ ‘ತ’ಕಾರದ ಮೈ ಒಂದು ತುಂಡು, ತಲೆಕಟ್ಟು ಇನ್ನೊಂದು, ದೀರ್ಘ ಮತ್ತೊಂದು, ಒತ್ತು ಮಗದೊಂದು, ಆದ್ದರಿಂದ ‘ಕಿತ್ತೂರು’ ಎಂಬ ಹೆಸರಿನಲ್ಲಿ ತಲೆಯಿಲ್ಲದ ತಕಾರ ಮೊದಲು ಇಳಿದು, ತಲೆ ಆಮೇಲೆ ಬಂದು, ಒತ್ತು ಎಲ್ಲರಿಗಿಂತ ಹಿಂದೆ ಬಿದ್ದು ಓಡಿ ಬರುತ್ತದೆ. ವೀರರಾಣಿಯ ಉತ್ಸವದಲ್ಲಿ ಇದು ಶೋಭೆಯಲ್ಲ. ತುಂಡುಗಳನ್ನು ಅಕ್ಷರ ಅಕ್ಷರವಾಗಿ ಕೈಯಿಂದ ಕಟ್ಟಿ, ಒಂದೊಂದಕ್ಕೂ ಬೇರೆ ಕೀ ಕೊಡುವುದನ್ನು ಯಾವ ತರಗತಿಯೂ ಕಲಿಸಿರಲಿಲ್ಲ, ಯಾವ ಟ್ಯುಟೋರಿಯಲ್ಲೂ ತೋರಿಸಿರಲಿಲ್ಲ.

ಬೆಂಗಳೂರಿನ ಸ್ಟುಡಿಯೋದಲ್ಲಿ ಇಂಟರ್ನ್‌ಶಿಪ್ಪಿಗೆ ಸೇರಿದವನಿಗೆ ಸಿಗುವುದು ಸಾಮಾನ್ಯವಾಗಿ ರೋಟೋ, ಅಂದರೆ ನಟನ ಹೊರರೇಖೆಯನ್ನು ಫ್ರೇಮು ಫ್ರೇಮಿಗೂ ಗುರುತಿಸಿ ಹಿನ್ನೆಲೆಯಿಂದ ಬೇರ್ಪಡಿಸುವ ಕೆಲಸ. ಮ್ಯಾಕ್ಸ್ ಫ್ಲೈಶರ್ ಅಮೆರಿಕದಲ್ಲಿ ಒಂದು ಶತಮಾನದ ಹಿಂದೆ ಪೇಟೆಂಟ್ ಪಡೆದ ರೋಟೋಸ್ಕೋಪ್ ಯಂತ್ರದ ಹೆಸರಿನ ಪಳೆಯುಳಿಕೆ ಅದು. 2012ರಲ್ಲಿಯೇ ಈ ಉದ್ಯಮಕ್ಕೆ ಪ್ರತ್ಯೇಕ ನೀತಿ ಮಾಡಿದ ಮೊದಲ ರಾಜ್ಯ ಕರ್ನಾಟಕ. ಆದರೂ ಅಲ್ಲಿ ನಡೆಯುವ ಕೆಲಸದಲ್ಲಿ ಬಹಳಷ್ಟು ಪರದೇಶದ ಕೀಗಳಿಗೆ ನಡುವನ್ನು ತುಂಬುವ ಜಾತಿಯದು. ಅದರ ಅಪಾಯ 2025ರ ಫೆಬ್ರವರಿಯಲ್ಲಿ ಕಂಡಿತು: ಪ್ಯಾರಿಸ್ಸಿನಲ್ಲಿ ಟೆಕ್ನಿಕಲರ್ ಎಂಬ ವಿಎಫ್‌ಎಕ್ಸ್ ಸಮೂಹ ಕುಸಿದಾಗ ಅದರ ಬೆಂಗಳೂರಿನ ಸ್ಟುಡಿಯೋದಲ್ಲಿ ದೊಡ್ಡ ಸಂಖ್ಯೆಯ ಕಲಾವಿದರು ಒಮ್ಮೆಲೇ ಕೆಲಸ ಕಳೆದುಕೊಂಡರು. ಅದೇ ವರ್ಷದ ಜುಲೈಯಲ್ಲಿ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ‘ಮಹಾವತಾರ್ ನರಸಿಂಹ’ ಎಂಬ ಆನಿಮೇಶನ್ ಚಿತ್ರ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತೆರೆಕಂಡು ಭರ್ಜರಿಯಾಗಿ ಗಳಿಸಿದಾಗ, ಊರಿನಲ್ಲಿ ಕಾರ್ಟೂನಿಗೆ ಕಾಲೇಜು ಯಾಕೆಂದು ಕೇಳಿದ್ದವರೇ ಮಕ್ಕಳನ್ನು ಕರೆದುಕೊಂಡು ಟಾಕೀಸಿಗೆ ಹೋದರು.

ಕೆಲಸ ಕೇಳಲು ಹೋಗುವಾಗ ಪದವಿ ಪ್ರಮಾಣಪತ್ರಕ್ಕಿಂತ ಶೋರೀಲ್ ಮುಖ್ಯ: ಮಾಡಿದ ಕೆಲಸದ ತುಣುಕುಗಳನ್ನು ಒಂದು ನಿಮಿಷಕ್ಕೆ ಹೊಂದಿಸಿದ ವಿಡಿಯೋ. ಮೊದಲ ಹತ್ತು ಸೆಕೆಂಡು ಹಿಡಿಸದಿದ್ದರೆ ಮುಂದೆ ನೋಡುವವರಿಲ್ಲವಾದ್ದರಿಂದ ಚಕ್ಕಡಿ ಎಳೆಯುವ ಎತ್ತನ್ನು ಆರಂಭದಲ್ಲಿಯೇ ಇಡಲಾಗಿದೆ. ಅಂಗಡಿಯ ಶೀರ್ಷಿಕೆಗಳನ್ನು ತೆಗೆದುಹಾಕಿ, ಅವು ದರ್ಜೆ ಕಡಿಮೆ ಮಾಡುತ್ತವೆ ಎಂದು ಸ್ಟುಡಿಯೋದ ಹಿರಿಯರೊಬ್ಬರು ಸಲಹೆ ಕೊಟ್ಟರೂ, ‘ಕಿತ್ತೂರು’ ಎಂಬ ನಾಲ್ಕು ಸೆಕೆಂಡಿನ ತುಣುಕನ್ನು ಕೊನೆಯಲ್ಲಿ ಉಳಿಸಿಕೊಳ್ಳಲಾಗಿದೆ, ಏಕೆಂದರೆ ಒತ್ತಕ್ಷರವನ್ನು ಒಡೆಯದೆ ಕುಣಿಸಬಲ್ಲವರನ್ನು ಕನ್ನಡ ಚಿತ್ರಗಳ ಶೀರ್ಷಿಕೆಗೆ ಕೇಳುವವರು ಇದ್ದಾರೆ. ಫ್ಲೆಕ್ಸ್ ಅಂಗಡಿಯವರೂ ಜಾತ್ರೆ ಹತ್ತಿರ ಬಂದಾಗಲೆಲ್ಲ ಫೋನ್ ಮಾಡುತ್ತಾರೆ. ಹಣದ ಮಾತು ಮಾತ್ರ ತೇರು ಮನೆಗೆ ಸೇರಿದ ಮೇಲೆ.