ಬೀರುವಿನ ಟೈಗಳು

ನಮ್ಮ ಕೊತ್ತತ್ತಿ ಕಡೆ ಟೈ ಹೊರಗೆ ಬರೋದೇ ಆರತಕ್ಷತೆಯ ದಿನ. ಆಮೇಲೆ ಸೂಟಿನ ಜೊತೆ ಬೀರು ಸೇರುತ್ತೆ. ಅಂಥ ಹಳೇವನ್ನ ಕೇಳಿ ಇಸ್ಕೊಳ್ಳೋದು, ಕಟ್ಕೊಂಡು ಮದುವೆಗೆ ಹೋಗೋದು ನನಗೆ ಬಲು ಇಷ್ಟ.

ಅಗಲ ನೋಡಿದ್ರೇ ಕಾಲ ತಿಳಿಯುತ್ತೆ: ಸಣ್ಣಗಿದ್ರೆ ಹೆಚ್ಚಾಗಿ 1960ರ ದಶಕ, ಅಂಗೈಯಗಲ ಇದ್ರೆ 1970ರದ್ದು. ಇನ್ನು ಹಿಂಬದಿ ತಿರುಗಿಸಿ ನೋಡಿ. ಒಳ್ಳೇ ಟೈಗೆ ಬಟ್ಟೆಯನ್ನ ಓರೆಯಾಗಿ ಕತ್ತರಿಸಿ, ಮೂರು ತುಂಡು ಸೇರಿಸಿ, ಸಡಿಲವಾಗಿ ಕೈಹೊಲಿಗೆ ಹಾಕಿರ್ತಾರೆ. 1920ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ತಂದ ಕ್ರಮ ಇದು. ಅದಕ್ಕೇ ಎಷ್ಟು ಎಳೆದು ಕಟ್ಟಿದ್ರೂ ಮತ್ತೆ ನೆಟ್ಟಗಾಗುತ್ತೆ.

ಇನ್ನು ಬಟ್ಟೆಯ ಮಾತಿಗೆ ಬಂದ್ರೆ, ನಮ್ಮ ಸುತ್ತ ರೇಷ್ಮೆ ಬೆಳೆಯೋ ಊರುಗಳು. 1912ರಲ್ಲಿ ಶುರುವಾದ ರೇಷ್ಮೆ ಕಾರ್ಖಾನೆ ಪಕ್ಕದ ಮೈಸೂರಲ್ಲೇ ಇದೆ. ರೇಷ್ಮೆ ಟೈ ನಮಗೆ ಪರಕೀಯ ಅಲ್ಲವೇ ಅಲ್ಲ.

ಟೈ ಮತ್ತೆ ಬೀರುವಿಗೆ ಸೇರಿಸುವಾಗ ದಯವಿಟ್ಟು ಗಂಟು ಬಿಚ್ಚಿ ಇಡಿ. ರೇಷ್ಮೆ ಮೊದಲು ಸವೆಯೋದು ಅಲ್ಲೇ.