ಕೆಂಪು ಎಷ್ಟು ದಿನ ಇತ್ತು ಅಂತ ಕೇಳಿ

ಕೀಮೋ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಉದುರೋ ಕೂದಲು, ನಿಲ್ಲದ ವಾಂತಿ. ಮೂತ್ರಕೋಶದ ಬಗ್ಗೆ ಯಾರೂ ಮಾತಾಡಲ್ಲ. ಅದರಲ್ಲೂ ನಮ್ಮ ಹರವೆ ಕಡೆಯ ಹೆಂಗಸರು ಆ ವಿಷಯವನ್ನ ಮಗನ ಹತ್ತಿರ ಎತ್ತೋದೇ ಇಲ್ಲ.

ಅವ್ವನಿಗೆ ಸ್ತನ ಕ್ಯಾನ್ಸರ್. ಬೆಂಗಳೂರಿನಲ್ಲಿ 21 ದಿನಕ್ಕೊಮ್ಮೆ, ಒಟ್ಟು ನಾಲ್ಕು ಸಲ ಕೀಮೋ. ಕೊಡ್ತಿದ್ದಿದ್ದು ಎರಡು ಔಷಧಿ: ಡಾಕ್ಸೊರುಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್. ಮೊದಲನೆಯದು ನೋಡೋಕೇ ಕೆಂಪು. "ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತೆ, ಹೆದರಬೇಡಿ, ಅದು ಔಷಧಿ ಬಣ್ಣ" ಅಂತ ನರ್ಸ್ ಮೊದಲೇ ಹೇಳಿದ್ರು. ಎರಡು ಸಲ ಹಾಗೇ ಆಯ್ತು, ತಾನಾಗೇ ಹೋಯ್ತು.

ಮೂರನೇ ಕೀಮೋ ಆಗಿ ಐದನೇ ದಿನ ಫೋನ್ ಮಾಡಿದ್ದೆ. ಹತ್ತು ನಿಮಿಷದಲ್ಲಿ ಮೂರು ಸಲ "ತಾಳ್ ಮಗ, ಬಂದಿ" ಅಂತ ಅವ್ವ ಎದ್ದು ಹೋದ್ಲು. ಬಿಡದೆ ಕೇಳಿದ ಮೇಲೆ ಗೊತ್ತಾಯ್ತು, ಉರಿ ಇದೆ, ಕೆಂಪಗೂ ಹೋಗ್ತಿದೆ. "ಅದು ಔಷ್ದಿ ಬಣ್ಣ ಕಣಪ್ಪ, ನರ್ಸಮ್ಮನೇ ಹೇಳಿಲ್ವಾ?" ಅಂದ್ಲು.

ಬಣ್ಣ ಆಗಿದ್ದರೆ ಎರಡು ದಿನಕ್ಕೆ ಹೋಗಬೇಕಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಅವತ್ತೇ ಚಾಮರಾಜನಗರದಲ್ಲಿ ಮೂತ್ರ ಪರೀಕ್ಷೆ ಮಾಡಿಸಿದ್ವಿ. ಅದು ರಕ್ತ.

ಸೈಕ್ಲೋಫಾಸ್ಫಮೈಡ್ ಹೊಸ ಔಷಧಿಯಲ್ಲ, ಅಮೆರಿಕದಲ್ಲಿ 1959ರಲ್ಲೇ ಅನುಮತಿ ಸಿಕ್ಕಿದ್ದು. ಇದು ದೇಹದೊಳಗೆ ಒಡೆದಾಗ ಅಕ್ರೋಲಿನ್ ಅನ್ನೋ ಪದಾರ್ಥ ಹುಟ್ಟುತ್ತೆ. ಅದು ಮೂತ್ರದ ಜೊತೆ ಬಂದು ಮೂತ್ರಕೋಶದಲ್ಲಿ ಕೂತರೆ ಒಳಪದರವನ್ನ ಸುಡುತ್ತೆ. ಸಾಮಾನ್ಯ ಡೋಸ್‌ನಲ್ಲಿ ರಕ್ತ ಬರೋದು ಅಪರೂಪ. ಡೋಸ್ ಜಾಸ್ತಿ ಇದ್ದಾಗ, ಅಥವಾ ಇದೇ ಜಾತಿಯ ಐಫಾಸ್ಫಮೈಡ್ ಕೊಡುವಾಗ, ಅಕ್ರೋಲಿನ್ನನ್ನ ಹಿಡಿದು ಕಟ್ಟಿಹಾಕೋಕೆ ಮೆಸ್ನಾ ಅನ್ನೋ ಔಷಧಿಯನ್ನೂ ಕೊಡ್ತಾರೆ. ಉಳಿದವರಿಗೆ ಮುಖ್ಯ ರಕ್ಷಣೆ ನೀರು. ಚೆನ್ನಾಗಿ ಕುಡಿಯಬೇಕು, ಬಂದಾಗ ತಡೆದುಕೊಳ್ಳದೆ ಹೋಗಬೇಕು.

ಅವ್ವ ಮಾಡ್ತಿದ್ದಿದ್ದು ಇದರ ಉಲ್ಟಾ. ನನ್ನ ರೂಮಲ್ಲಿ ಎರಡು ದಿನ ಇರವ್ವ ಅಂದ್ರೆ, ಅರಿಶಿನ ಬೇಯಿಸೋ ಕಾಲ, ಹಸ ಯಾರು ನೋಡೋರು ಅಂತ ಅವತ್ತೇ ಹೊರಡ್ತಿದ್ಲು. ಬೆಂಗಳೂರಿಂದ ಮೈಸೂರು, ಅಲ್ಲಿಂದ ಚಾಮರಾಜನಗರ, ಆಮೇಲೆ ಹರವೆ. ಮೂರು ಬಸ್ಸು. ಬೆಳಗ್ಗೆಯಿಂದಲೇ ನೀರು ಬಿಡ್ತಿದ್ಲು. "ನೀರ್ ಕುಡುದ್ರ ದಾರೀಲಿ ಎಲ್ಲಿಗೋಗದಪ್ಪ?" ಬಸ್ ಹತ್ತೋ ನಮ್ಮೂರ ಹೆಂಗಸರೆಲ್ಲ ಮಾಡೋ ಲೆಕ್ಕ ಇದು. ಬೇರೆ ದಿನ ನಡೆಯುತ್ತೆ. ಆದರೆ ಕೀಮೋ ದಿನ ಆ ವಿಷ ಗಂಟೆಗಟ್ಟಲೆ ಒಳಗೇ ಉಳಿಯುತ್ತೆ.

ಡಾಕ್ಟರ್ ನಾಲ್ಕನೇ ಕೀಮೋವನ್ನ, ರಕ್ತ ಪೂರ್ತಿ ನಿಂತ ಮೇಲೆ, ಬೆಳಗಿನ ಹೊತ್ತಿಗೇ ಇಟ್ಟರು. ಹಗಲಲ್ಲಿ ಕೊಟ್ಟರೆ ಮಲಗೋದರೊಳಗೆ ನಾಲ್ಕಾರು ಸಲ ಹೋಗಿ ಬರಬಹುದು. ಹಸುವನ್ನ ಚಿಕ್ಕವ್ವ ನೋಡಿಕೊಂಡ್ಲು. ಅವ್ವ ಎರಡು ರಾತ್ರಿ ನನ್ನ ರೂಮಲ್ಲಿ ಉಳಿದ್ಲು. ಲೀಟರ್ ಬಾಟಲಿ ಲೆಕ್ಕದಲ್ಲಿ ನೀರು, ಮಜ್ಜಿಗೆ, ಗಂಜಿ. ಊರಿಗೆ ಹೋದ ಮಾರನೇ ದಿನ ಬೆಳಗ್ಗೆ ಅವಳೇ ಫೋನ್ ಮಾಡಿದ್ಲು: "ಬೆಳ್ಳಗದೆ ಕಣ್ ಮಗ." ಇಷ್ಟು ವರ್ಷದಲ್ಲಿ ಅವ್ವ ತಾನಾಗಿ ಇಂಥ ಮಾತು ಹೇಳಿದ್ದು ಅದೇ ಮೊದಲು.

ನಿಮ್ಮ ಮನೆಯಲ್ಲೂ ಯಾರಾದರೂ ಈ ಔಷಧಿ ತಗೋತಿದ್ದರೆ, ದಿನಕ್ಕೆ ಎಷ್ಟು ನೀರು ಅಂತ ಡಾಕ್ಟರನ್ನೇ ಕೇಳಿ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಲೆಕ್ಕ ಬೇರೆ. ಕೆಂಪು ಎರಡು ದಿನ ದಾಟಿದರೆ, ಉರಿ ಇದ್ದರೆ, ಗಡ್ಡೆ ಗಡ್ಡೆ ರಕ್ತ ಬಂದರೆ, ಮೂತ್ರ ಕಟ್ಟಿದರೆ ಕಾಯಬೇಡಿ. ಜೊತೆಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಅವರಾಗಿ ಹೇಳಲಿ ಅಂತ ಇರಬೇಡಿ, ನೀವೇ ಕೇಳಿ.