ಮಾತ್ರೆ ಯಾರ ನೆಮ್ಮದಿಗೆ?

ಸಾಕಿದ ನಾಯಿ ಬೆಕ್ಕುಗಳ ಕಷ್ಟದ ಬಗ್ಗೆ ಬರೆಯಹೊರಟರೆ ನಮ್ಮ ಭಾಷೆ ಮೊದಲು ಕೈಗಿಡುವ ಪದ ‘ಮೂಕಪ್ರಾಣಿ’. ಕರುಣೆಯಿಂದ ಹುಟ್ಟಿದ ಪದವೇ ಹೌದು. ಆದರೆ ಮೂರು ವರ್ಷಗಳಿಂದ ಒಂದು ಮುದಿನಾಯಿಗೆ ನೋವಿನ ಮಾತ್ರೆಯನ್ನೂ ಹೆದರಿಕೆಯ ಮಾತ್ರೆಯನ್ನೂ ಎಣಿಸಿ ಕೊಡುತ್ತ ಬಂದಿರುವ ನನಗೆ ಆ ಪದದ ಮೇಲೆ ಈಚೆಗೆ ಒಂದು ತಕರಾರು ಹುಟ್ಟಿದೆ. ಅವು ಹೇಳುವುದನ್ನು ನಾವು ಬೇರೆ ಹೆಸರಿಟ್ಟು ಮುಗಿಸಿಬಿಡುತ್ತೇವೆ. ಓಡಾಟ ಬಿಟ್ಟ ನಾಯಿಗೆ ‘ವಯಸ್ಸಾಯಿತು’ ಎನ್ನುತ್ತೇವೆ. ಕಪಾಟಿನ ಮೇಲಕ್ಕೆ ನೆಗೆಯುವುದನ್ನು ನಿಲ್ಲಿಸಿದ ಬೆಕ್ಕಿಗೆ ‘ಸಾಧುವಾಯಿತು’ ಎನ್ನುತ್ತೇವೆ. ಮಲೆನಾಡಿನ ನಮ್ಮ ಮನೆಯ ಜಗಲಿಯಲ್ಲಿ ಕುಂಟುತ್ತ ಮುದಿಯಾದ ನಾಯಿಗಳೆಲ್ಲ ‘ವಯಸ್ಸಾಯ್ತಲ್ಲ, ಪಾಪ’ ಎಂಬ ಒಂದೇ ಮಾತಿನಲ್ಲಿ ತಮ್ಮ ಕಡೆಗಾಲ ಕಳೆದವು. ಆ ಕಾಲಕ್ಕೆ ಅದಕ್ಕಿಂತ ಹೆಚ್ಚಿನದೇನೂ ಯಾರ ಕೈಯಲ್ಲೂ ಇರಲಿಲ್ಲ.

ಕರಿಯ ನಾಗಪುರದಲ್ಲಿ ಕಚೇರಿಯ ಸೈಕಲ್ ಸ್ಟ್ಯಾಂಡಿನ ಮೂಲೆಯಲ್ಲಿ ಹುಟ್ಟಿದ ಮರಿ. ನನ್ನ ವರ್ಗಾವಣೆಯ ಜೊತೆಗೆ ಅವನೂ ದೆಹಲಿಗೆ ಬಂದ. ಲಿಫ್ಟ್ ಇಲ್ಲದ ಸರ್ಕಾರಿ ವಸತಿಯ ಎರಡನೆಯ ಮಹಡಿಯಲ್ಲಿ ನಮ್ಮ ವಾಸ. ಒಂದು ಚಳಿಗಾಲ ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮ ಎರಡು ದಿನ ಅವನನ್ನೇ ನೋಡುತ್ತ ಕುಳಿತವಳು, “ಇವನು ಏಳೋದು ನನ್ನ ಹಾಗೇ ಕಣೋ. ಮುಂಗಾಲು ಊರಿ ಸ್ವಲ್ಪ ಹೊತ್ತು ಯೋಚನೆ ಮಾಡ್ತಾನೆ, ಆಮೇಲೆ ಏಳ್ತಾನೆ. ಇದು ಕೀಲುನೋವು” ಎಂದಳು. ಎಕ್ಸ್‌ರೇ ಅಮ್ಮನ ಮಾತನ್ನೇ ಎತ್ತಿಹಿಡಿಯಿತು: ಸೊಂಟದ ಎರಡೂ ಕೀಲುಗಳು ಸವೆದಿದ್ದವು.

“ಹಾಗಿದ್ರೆ ನನ್ನ ಮಾತ್ರೇಲೇ ಅರ್ಧ ಕೊಟ್ರಾಯ್ತು” ಎಂಬುದು ಅಮ್ಮನ ಮುಂದಿನ ಸಲಹೆ. ಅವಳ ಮಂಡಿಗೆ ಬರೆದುಕೊಟ್ಟಿದ್ದದ್ದು ಅಸೆಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಕೂಡಿದ ಮಾತ್ರೆ. ಪಶುವೈದ್ಯರ ಮುಂದೆ ಈ ಮಾತೆತ್ತಿದಾಗ ಅವರು ಪೆನ್ನು ಕೆಳಗಿಟ್ಟು ವಿವರಿಸತೊಡಗಿದರು. ಮನುಷ್ಯನ ಔಷಧ ಪ್ರಾಣಿಗೆ ಹೊಂದುವುದೋ ಇಲ್ಲವೋ ಎಂಬುದು ದೇಹದ ಗಾತ್ರದ ಲೆಕ್ಕವಷ್ಟೇ ಆಗಿದ್ದರೆ ಅರ್ಧ ಮಾಡಿ ಕೊಟ್ಟರೆ ಸಾಕಿತ್ತು. ಪ್ರತಿ ಪ್ರಾಣಿಯ ಯಕೃತ್ತು ತನ್ನದೇ ರೀತಿಯಲ್ಲಿ ಕೆಲಸ ಮಾಡುತ್ತದೆ. ಪ್ಯಾರಾಸಿಟಮಾಲನ್ನು ನಿರಪಾಯಗೊಳಿಸಿ ಹೊರಹಾಕಲು ಬೇಕಾದ ಕಿಣ್ವ ಬೆಕ್ಕಿನಲ್ಲಿ ತೀರ ಕಡಿಮೆ. ನಮ್ಮ ಜ್ವರಕ್ಕೆ ನುಂಗುವ 500 ಮಿಲಿಗ್ರಾಮಿನ ಒಂದೇ ಮಾತ್ರೆ ಬೆಕ್ಕಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯನ್ನೇ ಕೆಡಿಸಿ ಕೊಲ್ಲಬಲ್ಲದು. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಮೂತ್ರಪಿಂಡವನ್ನು ಕೆಡಿಸುತ್ತದೆ.

ಅಮ್ಮನ ಮಾತ್ರೆಯಲ್ಲಿದ್ದ ಇನ್ನೊಂದು ಔಷಧಕ್ಕೆ ಇನ್ನೂ ದೊಡ್ಡ ಕಥೆಯಿದೆ. ಕೆಲವು ದಶಕಗಳ ಹಿಂದೆ ದೆಹಲಿಯ ಆಕಾಶದಲ್ಲಿ ರಣಹದ್ದುಗಳು ಸಾಮಾನ್ಯವಾಗಿದ್ದವು. 1990ರ ದಶಕದಲ್ಲಿ ಭಾರತದ ಉದ್ದಗಲಕ್ಕೂ ಅವು ಅಳಿಯತೊಡಗಿದವು. ಕಾರಣ ವೈಜ್ಞಾನಿಕವಾಗಿ ಪ್ರಕಟವಾದದ್ದು 2004ರಲ್ಲಿ. ನೋವಿಗೆಂದು ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್, ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡವನ್ನು ಸೇರಿ ಅವನ್ನು ಕೊಲ್ಲುತ್ತಿತ್ತು. 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆ ನಿಷೇಧವಾಯಿತು. ಅಸೆಕ್ಲೋಫೆನಾಕ್ ದನದ ದೇಹದೊಳಗೆ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆ; ಅದನ್ನೂ 2023ರಲ್ಲಿ ಪ್ರಾಣಿಗಳಿಗೆ ನಿಷೇಧಿಸಲಾಯಿತು. ಬದಲಿಯಾಗಿ ಹದ್ದುಗಳಿಗೆ ಸುರಕ್ಷಿತವೆಂದು ಸಿದ್ಧವಾದ ಔಷಧ ಮೆಲಾಕ್ಸಿಕಾಮ್. ಕರಿಯನ ಚೀಟಿಯಲ್ಲಿ ವೈದ್ಯರು ಮೊದಲು ಬರೆದದ್ದೂ ಅದನ್ನೇ. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಒಂದು ಪ್ರಾಣಿಯ ನೋವಿಗೆ ಬರೆದ ಚೀಟಿ ಇನ್ನೊಂದು ಜೀವದವರೆಗೆ ಹೋಗಿ ಮುಟ್ಟುತ್ತದೆಂಬುದಕ್ಕೆ ಆ ಬೆಟ್ಟ ಸಾಕ್ಷಿ.

ಮೆಲಾಕ್ಸಿಕಾಮ್ ಜೊತೆಗೆ ಕೆಲ ತಿಂಗಳ ನಂತರ ಗ್ಯಾಬಾಪೆಂಟಿನ್ ಸೇರಿತು. ಮನುಷ್ಯರ ಮೂರ್ಛೆರೋಗಕ್ಕೆಂದು ಬಂದ ಔಷಧವಿದು. ಈಗ ನಾಯಿಗಳ ಹಳೆಯ ನೋವಿಗೂ, ಆಸ್ಪತ್ರೆಗೆ ಹೊರಟಾಗ ಬುಟ್ಟಿಯೊಳಗೆ ನಡುಗುವ ಬೆಕ್ಕುಗಳ ಹೆದರಿಕೆಗೂ ವೈದ್ಯರು ಬರೆಯುತ್ತಾರೆ. ಮಾತ್ರೆ, ಕ್ಯಾಪ್ಸೂಲಿಗಿಂತ ಇದರ ದ್ರವರೂಪದ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಮನುಷ್ಯರಿಗೆಂದು ತಯಾರಾದ ಕೆಲವು ದ್ರವಗಳಲ್ಲಿ ಸಿಹಿಗಾಗಿ ಸೇರಿಸುವ ಜೈಲಿಟಾಲ್ ನಾಯಿಗೆ ವಿಷ.

ನೋವನ್ನು ಮುಚ್ಚಿಡುವುದರಲ್ಲಿ ಬೆಕ್ಕು ನಾಯಿಗಿಂತ ಒಂದು ಕೈ ಮೇಲು. ಬೇಟೆಯಾಡುವ ಈ ಪುಟ್ಟ ಪ್ರಾಣಿ ತಾನೇ ಇನ್ನೊಂದಕ್ಕೆ ಬೇಟೆಯೂ ಹೌದು. ಕುಂಟಿದ್ದನ್ನು ತೋರಿಸಿಕೊಂಡರೆ ಉಳಿಗಾಲವಿಲ್ಲ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ವರ್ಷ ಮೀರಿದ ಬೆಕ್ಕುಗಳ ಎಕ್ಸ್‌ರೇ ನೋಡಿದಾಗ ನೂರಕ್ಕೆ 90ರಲ್ಲಿ ಕೀಲು ಸವೆತದ ಗುರುತು ಕಂಡಿತು. ತೀವ್ರ ನೋವನ್ನು ಬೆಕ್ಕಿನ ಮುಖದಲ್ಲೇ ಓದುವ ಒಂದು ಅಳತೆಪಟ್ಟಿಯನ್ನು ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದರು: ಕಿವಿಯ ನಿಲುವು, ಕಣ್ಣಿನ ಕಿರಿದಾಗುವಿಕೆ, ಮೂತಿಯ ಬಿಗಿತ, ಮೀಸೆಯ ದಿಕ್ಕು, ತಲೆಯ ಮಟ್ಟ. ಐದು ಲಕ್ಷಣಗಳಿಗೂ ಸೊನ್ನೆಯಿಂದ ಎರಡರವರೆಗೆ ಅಂಕ. ಮರುವರ್ಷ, 2020ರಲ್ಲಿ, ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸುವಾಗ, ಹೇಳಿಕೊಳ್ಳಲಾರದವರಿಗೂ ನೋವಿರಬಹುದು, ಮನುಷ್ಯರಲ್ಲದ ಪ್ರಾಣಿಗಳಿಗೂ ಇದು ಸಲ್ಲುತ್ತದೆ ಎಂಬ ವಿವರಣೆಯನ್ನು ಸೇರಿಸಿತು. ಅಮ್ಮ ಯಾವ ವ್ಯಾಖ್ಯೆಯನ್ನೂ ಓದದೆ ಕಂಡದ್ದು ಇದನ್ನೇ.

ನೋವಿಗಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಹೆದರಿಕೆ. ದೆಹಲಿಯಲ್ಲಿ ಪಟಾಕಿಗೆ ಒಂದೇ ಹಬ್ಬವಲ್ಲ. ದೀಪಾವಳಿ ಮುಗಿಯಿತೆಂದರೆ ಮದುವೆಯ ಮೆರವಣಿಗೆಗಳು, ಅವು ಕಳೆದರೆ ಕ್ರಿಕೆಟ್ ಗೆಲುವುಗಳು. ಮೊದಲ ಸಿಡಿತಕ್ಕೇ ಕರಿಯ ಸ್ನಾನದ ಮನೆಯ ಮೂಲೆ ಸೇರಿ, ಜೊಲ್ಲು ಸುರಿಸುತ್ತ ಗಂಟೆಗಟ್ಟಲೆ ನಡುಗುತ್ತಾನೆ, ಕೆಲವೊಮ್ಮೆ ಊಳಿಡುತ್ತಾನೆ. ಕೆಳಗಿನ ಮನೆಯವರು ಬಹಳ ಸೌಜನ್ಯದಿಂದಲೇ, “ಏನಾದರೂ ಕೊಟ್ಟು ಮಲಗಿಸಿಬಿಡಿ” ಎಂದರು. ನಾನು ವೈದ್ಯರಲ್ಲಿ ಅದನ್ನೇ ಕೇಳಿದೆ. ಅವರು ನನ್ನನ್ನು ಮರುಪ್ರಶ್ನಿಸಿದರು: “ಅವನಿಗೆ ಭಯ ಹೋಗಬೇಕೋ, ನಿಮಗೆ ಸದ್ದು ಹೋಗಬೇಕೋ? ಎರಡಕ್ಕೂ ಬೇರೆ ಬೇರೆ ಔಷಧವಿದೆ.”

ಅದು ಚಮತ್ಕಾರದ ಮಾತಲ್ಲವೆಂದು ಅವರ ವಿವರಣೆಯಿಂದ ತಿಳಿಯಿತು. ಎಸಿಪ್ರೊಮಜೀನ್ ಎಂಬ ಹಳೆಯ ಔಷಧ ಪಟಾಕಿಯ ರಾತ್ರಿಗಳಿಗೆ ಬಹುಕಾಲ ಬಳಕೆಯಲ್ಲಿತ್ತು. ಅದು ದೇಹವನ್ನು ಸಡಿಲಗೊಳಿಸುತ್ತದೆ. ನಾಯಿ ಬಿದ್ದಲ್ಲೇ ಬಿದ್ದಿರುತ್ತದೆ. ಆದರೆ ಭಯ ಒಳಗೆ ಹಾಗೆಯೇ ಉಳಿಯುತ್ತದೆ, ಓಡುವ ಶಕ್ತಿ ಮಾತ್ರ ಹೋಗಿರುತ್ತದೆ. ಮನೆಯವರಿಗೆ ಅದು ಶಾಂತಿಯಂತೆ ಕಾಣುತ್ತದೆ. ಸದ್ದಿನ ಭಯಕ್ಕೆ ಅದೊಂದನ್ನೇ ಕೊಡುವುದನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಅಲ್ಪ್ರಜೋಲಾಮ್‌ನಂಥವು ಭಯವನ್ನೇ ತಗ್ಗಿಸುತ್ತವೆ. ಆದರೆ ಮೊದಲ ಪಟಾಕಿಗೆ ಮುನ್ನವೇ ಕೊಟ್ಟಿರಬೇಕು. ಕೆಲವು ನಾಯಿಗಳಲ್ಲಿ ಅವು ಉದ್ರೇಕವನ್ನೇ ಹೆಚ್ಚಿಸುವುದರಿಂದ, ಹಬ್ಬಕ್ಕೆ ಮೊದಲು ಒಂದು ನಿಶ್ಶಬ್ದ ದಿನ ಪರೀಕ್ಷಿಸಿ ನೋಡಬೇಕು. ಒಂಟಿಯಾಗಿ ಬಿಟ್ಟರೆ ಬಾಗಿಲು ಪರಚುವ ನಾಯಿಗಳದು ಬೇರೆ ಬಗೆಯ ಕಳವಳ. ಅದಕ್ಕೆ ಅಮೆರಿಕದಲ್ಲಿ 1998ರಲ್ಲಿ ಕ್ಲೋಮಿಪ್ರಮೀನ್, 2007ರಲ್ಲಿ ಫ್ಲುಯಾಕ್ಸೆಟೀನ್ ಅಂಗೀಕೃತವಾದವು. ಇವು ಫಲ ಕೊಡಲು ವಾರಗಳೇ ಬೇಕು. ಜೊತೆಗೆ ಅಭ್ಯಾಸ ಮಾಡಿಸದಿದ್ದರೆ ಸಾಲದು. ಭಯದಲ್ಲಿ ಮುಳುಗಿದ ಪ್ರಾಣಿ ಏನನ್ನೂ ಕಲಿಯಲಾರದು. ಕಲಿಯುವಷ್ಟು ಸಮಾಧಾನ ತಂದುಕೊಡುವುದು ಮಾತ್ರೆಯ ಕೆಲಸ.

ಅಲ್ಪ್ರಜೋಲಾಮ್ ಕೊಳ್ಳಲು ಹೋದಾಗ ಔಷಧದಂಗಡಿಯವನು ಪ್ರತ್ಯೇಕ ರಿಜಿಸ್ಟರು ತೆರೆದ. ಎಚ್1 ಪಟ್ಟಿಯ ಔಷಧ. ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಬರೆದು ಮೂರು ವರ್ಷ ಕಾಪಿಡಬೇಕೆಂಬುದು ಕಾನೂನು. ಚೀಟಿ ನೋಡಿ ಒಂದು ಕ್ಷಣ ತಡೆದು, “ಕರಿಯ, ನಾಯಿ” ಎಂದು ಬರೆದುಕೊಂಡ. ಇಪ್ಪತ್ತು ವರ್ಷ ಕಡತಗಳ ನಡುವೆ ಕಳೆದ ನನಗೆ ಆ ಸಾಲು ಕಂಡು ನಗೆಯೂ ಬಂತು, ಸಮಾಧಾನವೂ ಆಯಿತು. ಒಂದು ಬೀದಿನಾಯಿಯ ಭಯವೂ ದಾಖಲೆಗೆ ಸೇರಿತ್ತು.

ಮನುಷ್ಯರಿಗೇ ಔಷಧ ಸಿಗದ ನಾಡಿನಲ್ಲಿ ಇದೊಂದು ಶೋಕಿಯಲ್ಲವೇ ಎಂದು ನಮ್ಮ ಬಳಗದ ಹಿರಿಯರೊಬ್ಬರು ಕೇಳಿದರು. ತಳ್ಳಿಹಾಕಬಹುದಾದ ಪ್ರಶ್ನೆಯಲ್ಲ ಅದು. ನನ್ನ ಉತ್ತರ ಇಷ್ಟೇ: ಮೆಟ್ಟಿಲಿರುವ ಮನೆಗೆ ಅವನನ್ನು ಕರೆತಂದವನು ನಾನು, ಪಟಾಕಿ ಹಚ್ಚುವವರು ನಾವು. ಅವನ ಸಂಕಟದಲ್ಲಿ ನಮ್ಮ ಪಾಲಿರುವಾಗ ಉಪಶಮನದಲ್ಲಿಯೂ ಇರಬೇಕು.

ಈಗ ಮನೆಯಲ್ಲೊಂದು ನೋಟ್‌ಬುಕ್ ಇದೆ. ಮೆಟ್ಟಿಲು ಹತ್ತುವಾಗ ಎಷ್ಟು ಬಾರಿ ನಿಂತ, ರಾತ್ರಿ ಎಷ್ಟು ಸಲ ಮಗ್ಗುಲು ಬದಲಿಸಿದ, ತಾನಾಗಿ ಬಾಗಿಲಿಗೆ ಬಂದನೇ, ಇಷ್ಟನ್ನು ದಿನವೂ ಬರೆಯಿರಿ ಎಂದಿದ್ದಾರೆ ವೈದ್ಯರು. ಕೆಲ ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಮೂತ್ರಪಿಂಡದ ಅಂಕಿ ಸ್ವಲ್ಪ ಏರತೊಡಗಿದೆ. ಮೆಲಾಕ್ಸಿಕಾಮ್ ಎಂದಾದರೊಂದು ದಿನ ನಿಲ್ಲಿಸಬೇಕಾದೀತು, ಆಮೇಲೆ ಉಳಿಯುವ ದಾರಿಗಳು ಕಡಿಮೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆ ದಿನ ಬಂದಾಗ ನನ್ನ ಅಗಲಿಕೆಯ ದುಃಖಕ್ಕಿಂತ ಅವನ ನೋವು ಮುಂದಾಗಿ ಕಾಣಲಿ ಎಂಬುದಕ್ಕಾಗಿಯೇ ತಪ್ಪದೆ ಬರೆಯುತ್ತಿದ್ದೇನೆ. ನಿನ್ನೆಯ ಪುಟದಲ್ಲಿರುವುದು: ಎರಡು ಬಾರಿ ನಿಂತ, ಬಿಸಿಲಿಗೆ ತಾನಾಗಿ ಬಾಲ್ಕನಿಗೆ ಬಂದ, ಮೈಚಾಚಿ ಮಲಗಿದ.